ಬಾಡ್ಜರ್ ಅಂದರೆ ಯಾರು, ರೂಬೆನ್?

ಸ್ಕಾರ್ಬರೋ,
ಅಕ್ಟೋಬರ್ 9, 1955

ರೂಬೆನ್‌ಗೆ,

ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾರ ಅಕ್ಷರವಪ್ಪಾ ಎಂದು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ನಾನು ಕೆಜ್ಜಿ. ಜೆಸ್ಸಿ ಡಾರ್ವಿಲ್‌ನ ತಂಗಿ. ನೀನೂ ಅವನೂ ಕಾಡಿನ ಗುಡಿಸಲಿನಲ್ಲಿ ಕುರ್ಚಿಯ ಕಾಲು ಕಡೆಯುತ್ತಿದ್ದಾಗ ಮಧ್ಯಾಹ್ನದ ಬುತ್ತಿ ಹೊತ್ತು ಬರುತ್ತಿದ್ದವಳು. ಮೂವತ್ತೊಂದು ವರ್ಷ ಒಂದು ಗೆರೆಯನ್ನೂ ಗೀಚದವಳು ಈಗ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಒಂದು ಪದದ ವಿಷಯಕ್ಕೆ ನನ್ನ ಮನೆಯಲ್ಲಿ ಜಗಳವಾಗಿದೆ, ಅಷ್ಟೇ.

ಇಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯೊಂದರಲ್ಲಿ ನಾನು ಊಟ ವಸತಿ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಳಿ ಶುರುವಾದ ಮೇಲೆ ಉಳಿಯುವವರು ಸಗ್ಡನ್ ಎಂಬವರೊಬ್ಬರೇ. ಉಣ್ಣೆ ಬಟ್ಟೆಯ ಮಾದರಿಗಳನ್ನು ಹೊತ್ತು ಊರೂರು ತಿರುಗಿ ಮಾರುವವರು. ಒಳ್ಳೆಯ ಮನುಷ್ಯ, ಆದರೆ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಭಾರದ ನಿಘಂಟೊಂದಿದೆ. ಯಾರಾದರೂ ಮಾತಾಡಿದರೆ ಸಾಕು, ಆ ಪದದ ಅಪ್ಪ ಅಮ್ಮ ಯಾರು ಎಂದು ಹುಡುಕಲು ಕೂರುತ್ತಾರೆ.

ಮೊನ್ನೆ ಮೆಟ್ಟಿಲ ಕಟಾಂಜನದ ಒಂದು ಕೋಲು ಕಳಚಿತ್ತು. ಪಕ್ಕದ ಮನೆಯವನು ಬಂದು ಎರಡು ಮೊಳೆ ಹೊಡೆದು ಹೋದ. ಸಗ್ಡನ್ ಇಳಿದು ಬರುವಾಗ ಅದು ಅವರ ಕೈಗೇ ಬಂತು.

"ಯಾವ ಬಾಡ್ಜರ್ ಮಾಡಿದ್ದು ಇದನ್ನ, ಮಿಸೆಸ್ ಹಾರ್ಲಂಡ್?" ಎಂದರು.

"ಬಾಡ್ಜರ್ ಮಾಡಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡ್ತಿರ್ಲಿಲ್ಲ," ಎಂದೆ ನಾನು.

"ಬಾಡ್ಜ್ ಮಾಡೋದು ಅಂದ್ರೇನೇ ತೇಪೆ ಹಾಕೋದು ಕಣಮ್ಮ. ಹೇಗೋ ಒಂದು ಮಾಡಿ ಕೈ ತೊಳ್ಕೊಳ್ಳೋದು. ಇಡೀ ಇಂಗ್ಲೆಂಡಿಗೆ ಗೊತ್ತು."

"ಬಕಿಂಗ್‌ಹ್ಯಾಮ್‌ಶೈರಿಗೆ ಗೊತ್ತಿಲ್ಲ. ನಮ್ಮ ಕಡೆ ಬೀಚ್ ಮರದ ಕಾಡಿನೊಳಗೆ ಕೂತು ಕುರ್ಚಿಗೆ ಕಾಲು ಕಡೆಯೋರಿಗೆ ಆ ಹೆಸರು. ನಮ್ಮಣ್ಣನೂ ಅದೇ ಕೆಲಸ ಮಾಡ್ತಿದ್ದ. ಬಾಯಿಗೆ ಬಂದಂಗೆ ಅನ್ನಬೇಡಿ."

ಅವರು ನಕ್ಕರು. ನಾನು ಅವರ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಹೊಗೆಯಾಡಿಸಿದ ಮೀನು ನೆಲಕ್ಕೆ ಹಾರಿತು. ಆಮೇಲೆ ನನಗೇ ಆಶ್ಚರ್ಯವಾಯಿತು. ಅಷ್ಟು ಸಿಟ್ಟು ಇನ್ನೂ ನನ್ನೊಳಗೆ ಎಲ್ಲಿತ್ತೋ.

ಈಗ ನೀನು ಬರೆದು ತಿಳಿಸಬೇಕು. ಆ ಪದದ ಅರ್ಥವೇನು, ನಿಮಗೆ ಅದು ಎಲ್ಲಿಂದ ಅಂಟಿತು? ಬರವಣಿಗೆಯಲ್ಲಿ ಸಾಕ್ಷಿ ತರಿಸುತ್ತೇನೆ ಎಂದು ಅವರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ.

ಕೆಜ್ಜಿ ಹಾರ್ಲಂಡ್


ಡನ್ನರ್ಸ್ ಕಾಡು, ಸ್ಟೋಕನ್‌ಚರ್ಚ್ ಹತ್ತಿರ,
ನವೆಂಬರ್ 2, 1955

ಕೆಜ್ಜಿ,

ನಿನ್ನ ಕಾಗದ ಬಂತು. ಅಕ್ಷರ ಕಂಡ ಕೂಡಲೇ ಗೊತ್ತಾಯಿತು. ತಲೆ ಕೆರೆದುಕೊಳ್ಳಲಿಲ್ಲ.

ಆ ಹೆಸರನ್ನು ನಾವು ಇಟ್ಟುಕೊಂಡದ್ದಲ್ಲ. ನಾವು ಕಡೆಯುವವರು, ಟರ್ನರ್‌ಗಳು. ನಮ್ಮಪ್ಪ ತನ್ನನ್ನು ಬಾಡ್ಜರ್ ಎಂದು ಕರೆದುಕೊಂಡದ್ದನ್ನು ನಾನು ಕೇಳಿಲ್ಲ. ಬೇರೆಯವರು ಅವನ ಮುಂದೆ ಹಾಗೆ ಅಂದರೆ ಲೇತು ತುಳಿಯುವುದನ್ನು ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ.

ಎಲ್ಲಿಂದ ಬಂತು ಎಂದು ಕೇಳಿದ್ದೀಯ. ಮೂರು ಮಾತಿದೆ. 'ಮೂರು ಕೊಡಲಿ' ಪಬ್ಬಿನ ಮುದುಕ, ಹಿಂದೆ ಮೂಟೆ ಹೊತ್ತು ಮಾರುತ್ತಿದ್ದವರ ಹೆಸರು ಅದು, ನಾವೂ ಕಾಲುಗಳ ಮೂಟೆ ಹೊತ್ತು ಹೋಗುತ್ತಿದ್ದೆವಲ್ಲ ಎನ್ನುತ್ತಾನೆ. ಪಾದ್ರಿ ಹೇಳುವುದೇ ಬೇರೆ. ಕಾಡಿನಲ್ಲಿ ಬಿಲ ತೋಡಿಕೊಂಡು ಕತ್ತಲಾಗುವ ಹೊತ್ತಿಗೆ ಹೊರಗೆ ಬರುವ ಬ್ಯಾಡ್ಜರ್ ಎಂಬ ಪ್ರಾಣಿ ಇದೆಯಲ್ಲ, ನಾವೂ ಹಾಗೆಯೇ ಎಂದು. ಮೂರನೆಯದು ವೈಕಂಬಿನ ಕುರ್ಚಿ ಕಾರ್ಖಾನೆಯವರದು. ನಾವು ಕಾಲು ಮಾಡುತ್ತೇವೆ, ಕಾಲು ಕಾಲಿಗೆ ಸೇರಿಸುವ ಅಡ್ಡಕೋಲು ಮಾಡುತ್ತೇವೆ, ಕುರ್ಚಿ ಮಾಡುವುದಿಲ್ಲ. ಅರ್ಧ ಕೆಲಸದವರು. ಅದಕ್ಕೇ ಬಾಡ್ಜರ್ ಎಂದು ಅವರ ವಾದ. ನಿನ್ನ ಸಗ್ಡನ್ ಅವರಿಗೆ ಯಾವುದು ಬೇಕೋ ಆರಿಸಿಕೊಳ್ಳಲಿ.

ನೀನೂ ಒಮ್ಮೆ ಆ ಪದ ಆಡಿದ್ದೆ. ನೆನಪಿಲ್ಲದಿರಬಹುದು.

ಕೆಲಸ ಚೆನ್ನಾಗಿ ನಡೆಯುತ್ತಿದೆ. ಆರೋಗ್ಯವಾಗಿದ್ದೇನೆ. ಮಿಸ್ಟರ್ ಹಾರ್ಲಂಡ್ ಅವರಿಗೆ ನನ್ನ ನಮಸ್ಕಾರ ತಿಳಿಸು.

ರೂಬೆನ್ ಟ್ಯಾಪಿಂಗ್


ಸ್ಕಾರ್ಬರೋ,
ನವೆಂಬರ್ 21, 1955

ರೂಬೆನ್,

ನಿನ್ನ ನಮಸ್ಕಾರ ತಿಳಿಸಲು ನಾನು ಸ್ಮಶಾನಕ್ಕೆ ಹೋಗಬೇಕಾಗುತ್ತದೆ. ವಿಲ್ಫ್ರೆಡ್ ತೀರಿಕೊಂಡು ಆರು ವರ್ಷವಾಯಿತು. ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಬರೆಯಲಿಲ್ಲ. ಗಂಡ ಸತ್ತವಳು ಹಳೆಯ ವಿಳಾಸ ಹುಡುಕಿಕೊಂಡು ಹೊರಟಳು ಎಂದು ನೀನು ತಿಳಿಯುವುದು ಬೇಡವಾಗಿತ್ತು. ಅವನು ಒಳ್ಳೆಯವನೇ. ಮೀನುಗಾರರ ದೋಣಿಗೆ ಹಗ್ಗ ಮಾರುತ್ತಿದ್ದ, ಭಾನುವಾರ ಮಾತ್ರ ನಗುತ್ತಿದ್ದ.

ಸಗ್ಡನ್ ನಿನ್ನ ಮೂರು ಅರ್ಥಗಳನ್ನೂ ಓದಿ, ಸೀಸದ ಕಡ್ಡಿ ತಂದು ನಿಘಂಟಿನ ಅಂಚಿನಲ್ಲಿ ಬರೆದುಕೊಂಡರು. ಆದರೆ ಸೋಲೊಪ್ಪಲಿಲ್ಲ. "ಈ ಪುಣ್ಯಾತ್ಮ ಮೂರು ಹೇಳಿ ಒಂದನ್ನೂ ಒಪ್ಕೊಂಡಿಲ್ವಲ್ಲ!" ಎಂದರು. ನೀನು ಹಾಗೆಯೇ ಎಂದು ನಾನು ಹೇಳಿದೆ.

ನಿನ್ನ ಕಾಗದಕ್ಕೆ ಹಸಿ ಮರದ ವಾಸನೆ ಇತ್ತು. ಅದನ್ನು ಮೂಗಿಗೆ ಹಿಡಿದು ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಹಾಲು ಉಕ್ಕಿ ಒಲೆಯೆಲ್ಲಾ ಹಾಳಾಯಿತು. ನನಗೆ ಆ ದಾರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಂದಿಮಾಂಸ, ಈರುಳ್ಳಿ, ಆಲೂಗೆಡ್ಡೆ ಒಳಗಿಟ್ಟು ಬಟ್ಟೆ ಸುತ್ತಿ ಬೇಯಿಸಿದ ಕಡುಬನ್ನು ಬಿಸಿ ಆರದಂತೆ ಶಾಲಿನೊಳಗೆ ಅಪ್ಪಿಕೊಂಡು ಬರುತ್ತಿದ್ದೆ. ನೀವು ಕಾಣುವ ಮೊದಲೇ ನಿಮ್ಮ ಲೇತುಗಳ ಸದ್ದು ಕೇಳುತ್ತಿತ್ತು. ಕಾಲಿನಿಂದ ತುಳಿದಾಗ ತಲೆಯ ಮೇಲಿನ ಎಳೆಮರದ ಕೋಲು ಬಾಗುವುದು, ಬಿಟ್ಟಾಗ ಮೇಲಕ್ಕೆ ಹಾರುವುದು. ಜೆಸ್ಸಿಯದು ಅವಸರದ ತುಳಿತ, ನಿನ್ನದು ನಿಧಾನದ್ದು. ಯಾರು ಕೆಲಸದಲ್ಲಿದ್ದಾರೆ ಎಂದು ದೂರದಿಂದಲೇ ಹೇಳುತ್ತಿದ್ದೆ. ನಾನು ಬಂದ ಮೇಲೆ ನಿನ್ನ ತುಳಿತ ತಪ್ಪುತ್ತಿತ್ತು ಎಂದು ಜೆಸ್ಸಿ ರೇಗಿಸುತ್ತಿದ್ದ.

ನಾನು ಯಾವಾಗ ಆ ಪದ ಆಡಿದೆ? ನಿಜವಾಗಿ ನೆನಪಿಲ್ಲ. ಹೇಳು.

ನೆನಪಿರುವುದು ಬೇರೆ. ಇಪ್ಪತ್ತನಾಲ್ಕನೇ ಇಸವಿಯ ನವೆಂಬರಿನಲ್ಲಿ ನೀನು ನನಗೆ ಮಾತು ಕೊಟ್ಟಿದ್ದೆ. ಕೊಂಡಿರುವ ಮರಗಳೆಲ್ಲ ಮುಗಿದವು, ಇನ್ನು ಕಾಡಿನ ಮರಗಳ ಹರಾಜಿಗೆ ಹೋಗುವುದಿಲ್ಲ, ವೈಕಂಬಿನ ಕಾರ್ಖಾನೆ ಸೇರುತ್ತೇನೆ, ನಲ್ಲಿ ಇರುವ ಮನೆ ಹಿಡಿದು ಮದುವೆಯಾಗೋಣ ಎಂದು. ಹರಾಜಿನ ಸಂಜೆ ಜೆಸ್ಸಿ ಮನೆಗೆ ಬಂದು ಬೂಟು ಬಿಚ್ಚುತ್ತಾ, "ರೂಬೆನ್ ಬೆಟ್ಟದ ಪಾಲು ಹಿಡಿದ," ಎಂದ. ಬೆಟ್ಟದ ಪಾಲು ಎಂದರೆ ಬೆಟ್ಟದ ಮೇಲಿನ ಅಷ್ಟೂ ಮರ, ಇನ್ನೊಂದು ವರ್ಷದ ಕೆಲಸ. ಅದನ್ನು ಹಿಡಿದವನು ಮದುವೆಯ ಮಾತು ಬಿಟ್ಟ ಎಂದಲ್ಲದೆ ಇನ್ನೇನು ತಿಳಿಯಲಿ? ಒಂಬತ್ತನೇ ದಿನ ಈ ಊರಿಗೆ ಮನೆಗೆಲಸಕ್ಕೆ ಹೊರಟುಬಂದೆ.

ಈಗ ಅದಕ್ಕೆ ಅಳುವ ವಯಸ್ಸಲ್ಲ. ಆದರೂ ಒಂದು ಪದ ಕೇಳಲು ಕೂತವಳಿಗೆ ಇದನ್ನೂ ಕೇಳಬೇಕೆನಿಸಿತು. ಅವತ್ತು ಹರಾಜಿನಲ್ಲಿ ಯಾಕೆ ಕೈ ಎತ್ತಿದೆ?

ಕೆಜ್ಜಿ


ಡನ್ನರ್ಸ್ ಕಾಡು,
ಡಿಸೆಂಬರ್ 18, 1955

ಕೆಜ್ಜಿ,

ನಿನ್ನ ಗಂಡನ ವಿಷಯ ಗೊತ್ತಿರಲಿಲ್ಲ. ಕ್ಷಮಿಸು. ಆರು ವರ್ಷ ಒಬ್ಬಳೇ ಅಷ್ಟು ದೊಡ್ಡ ಮನೆ ನಡೆಸಿದ್ದೀಯ.

ನೀನು ಆ ಪದ ಆಡಿದ್ದು ಆ ವರ್ಷವೇ, ಬೇಸಿಗೆಯಲ್ಲಿ. ನಿಮ್ಮ ಅಡುಗೆಮನೆಯ ಕಿಟಕಿ ತೆರೆದಿತ್ತು. ನಾನು ಹೊರಗೆ ನಿಮ್ಮ ಸೌದೆ ಜೋಡಿಸುತ್ತಿದ್ದೆ. ನಿನ್ನ ಚಿಕ್ಕಮ್ಮನ ಮಗಳು, "ಹೌದೇನೇ, ರೂಬೆನ್‌ನ ಕಟ್ಕೋತೀಯಂತೆ?" ಎಂದಳು. ನೀನು, "ಬಾಡ್ಜರ್‌ನ ಕಟ್ಕೊಂಡ್ರೆ ಮನೆ ತುಂಬಾ ಕಾಲಿರತ್ತೆ, ಕೂರೋಕೆ ಒಂದು ಕುರ್ಚಿ ಇರಲ್ಲ ಕಣೇ," ಎಂದೆ. ಎಲ್ಲರೂ ನಕ್ಕರು. ನಾನು ಸೌದೆ ಪೂರ್ತಿ ಜೋಡಿಸಿಟ್ಟು ಹೋದೆ.

ನೀನು ಊರು ಬಿಟ್ಟಾಗ ಇದೇ ಕಾರಣ ಎಂದುಕೊಂಡೆ. ಬಾಡ್ಜರ್‌ನ ಹೆಂಡತಿ ಅನ್ನಿಸಿಕೊಳ್ಳುವುದು ನಿನಗೆ ಬೇಡವಾಗಿತ್ತು ಎಂದು.

ಹರಾಜಿನ ಮಾತು ಬಿಡು. ಹಳೆಯದು.

ಕಾರ್ಖಾನೆಯವರು ಕಾಲು ಬೇಕು ಬೇಕು ಎಂದು ಪೀಡಿಸುತ್ತಿದ್ದಾರೆ. ಉಸಿರಾಡಲು ಬಿಡುವಿಲ್ಲ. ಒಂದು ಕಾಲನ್ನು ಗೋಣಿಯಲ್ಲಿ ಸುತ್ತಿ ಕಳಿಸಿದ್ದೇನೆ. ನಿನ್ನ ಸಗ್ಡನ್ ಅವರ ಕೈಗೆ ಕೊಡು. ಇದರಲ್ಲಿ ತೇಪೆ ಎಲ್ಲಿದೆ ತೋರಿಸಲಿ.

ರೂಬೆನ್


ಸ್ಕಾರ್ಬರೋ,
ಜನವರಿ 8, 1956

ರೂಬೆನ್,

ಅಯ್ಯೋ ನನ್ನ ದೇವರೇ. ಅದು ತಮಾಷೆ! ಆ ಹುಡುಗಿಗೆ ನಿನ್ನ ಮೇಲೆ ಕಣ್ಣಿತ್ತು. ನನಗೆ ನಿನ್ನ ಮೇಲೆ ಪ್ರಾಣವೇ ಇದೆ ಎಂದು ಅವಳ ಮುಂದೆ ಹೇಳಲಾಗುತ್ತದೆಯೇ? ಹಗುರ ಮಾಡಿ ಅಂದೆ, ಅವಳು ಸುಮ್ಮನಾಗಲಿ ಎಂದು. ಇಪ್ಪತ್ತಾರು ವರ್ಷದವಳು ಅಡುಗೆಮನೆಯಲ್ಲಿ ಆಡಿದ ಮಾತನ್ನು ನೀನು ಮೂವತ್ತೊಂದು ವರ್ಷ ಎದೆಯಲ್ಲಿಟ್ಟುಕೊಂಡು ಕೂತೆಯಾ? ಒಂದು ಸಲ ಒಳಗೆ ಬಂದು, "ಏನೇ ಅಂದೆ ನೀನು?" ಎಂದು ಜುಟ್ಟು ಹಿಡಿಯಬಾರದಿತ್ತೇ?

ನನ್ನಿಂದ ನಿನಗೆ ನೋವಾಯಿತು. ಅದನ್ನು ಒಪ್ಪುತ್ತೇನೆ, ಕ್ಷಮಿಸು.

ನಿನ್ನ ಕಾಲನ್ನು ಸಗ್ಡನ್ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದರು. ಉಬ್ಬಿದ ಕಡೆ ಹೆಬ್ಬೆರಳು ಆಡಿಸಿ, "ಇದನ್ನ ಅಳತೆಪಟ್ಟಿ ಇಲ್ದೆ ಮಾಡ್ತಾರಾ?" ಎಂದರು. ಕಣ್ಣಳತೆಯಲ್ಲೇ ಎಂದೆ. ನಂಬಲಿಲ್ಲ. ಈಗ ಅದನ್ನು ತಮ್ಮ ಕೋಣೆಯ ಕಿಟಕಿಯಲ್ಲಿ ನಿಲ್ಲಿಸಿಕೊಂಡಿದ್ದಾರೆ, ಧೂಳು ಒರೆಸಲು ನನಗೂ ಬಿಡುವುದಿಲ್ಲ.

ಹರಾಜಿನ ಮಾತು ಬಿಡು ಎಂದಿದ್ದೀಯ. ಸದ್ಯಕ್ಕೆ ಬಿಟ್ಟೆ. ಒಂದು ಮಾತು ಮಾತ್ರ ನೇರವಾಗಿ ಬರೆಯುತ್ತೇನೆ, ಸುತ್ತಿ ಬಳಸಿ ಬರೆದದ್ದು ಸಾಕಾಗಿದೆ. ಮೇಲಿನ ಕೋಣೆ ಖಾಲಿ ಇದೆ. ಬೆಳಿಗ್ಗೆ ಕಿಟಕಿ ತೆರೆದರೆ ಹೆರಿಂಗ್ ಮೀನಿನ ದೋಣಿಗಳು ಕಾಣುತ್ತವೆ. ಈಸ್ಟರ್‌ಗೆ ಬಾ. ಒಂದು ವಾರ ಇರು. ಇಷ್ಟವಾದರೆ ಇನ್ನೂ ಇರು. ಈ ಮನೆಯಲ್ಲಿ ಹನ್ನೆರಡು ಕುರ್ಚಿ ಇವೆ, ಒಂದರಲ್ಲೂ ಎದುರಿಗೆ ಕೂತು ಜೆಸ್ಸಿಯ ಮಾತಾಡುವವರು ಯಾರೂ ಇಲ್ಲ.

ಕೆಜ್ಜಿ


ಸ್ಕಾರ್ಬರೋ,
ಏಪ್ರಿಲ್ 12, 1956

ರೂಬೆನ್,

ಈಸ್ಟರ್ ಬಂತು, ಹೋಯಿತು. ಮೇಲಿನ ಕೋಣೆಗೆ ಹೊಸ ಪರದೆ ಹೊಲಿದು ಹಾಕಿದ್ದೆ. ನನ್ನ ಕಾಗದ ಸೇರಲಿಲ್ಲವೇ, ಸೇರಿಯೂ ಸುಮ್ಮನಿದ್ದೀಯಾ? ಬರುವುದಿಲ್ಲ ಎಂದಾದರೂ ಬರೆ. ದಿನಾ ಅಂಚೆಯವನ ಮುಖ ನೋಡಿ ನೋಡಿ ಅವನು ನನ್ನನ್ನು ಕಂಡರೆ ಎದುರಿನ ರಸ್ತೆಗೆ ಹೋಗುತ್ತಾನೆ.

ಕೆಜ್ಜಿ


ಡನ್ನರ್ಸ್ ಕಾಡು,
ಮೇ 6, 1956

ಕೆಜ್ಜಿ,

ಕಾಗದಗಳು ಸೇರಿದವು. ಕೆಲಸ ಬಹಳ. ಕಾರ್ಖಾನೆಯವರು ಬಿಡುವುದಿಲ್ಲ. ಈ ವರ್ಷ ಬರಲಾಗುವುದಿಲ್ಲ. ಪರದೆ ಹಾಕಿದ್ದಕ್ಕೆ ಉಪಕಾರವಾಯಿತು.

ರೂಬೆನ್ ಟ್ಯಾಪಿಂಗ್


ಸ್ಕಾರ್ಬರೋ,
ಜುಲೈ 15, 1956

ರೂಬೆನ್ ಟ್ಯಾಪಿಂಗ್,

ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೆ, ನಾನೂ ಹಾಗೆಯೇ ಕರೆಯುತ್ತೇನೆ.

ಕಳೆದ ತಿಂಗಳು ನಿನ್ನ ಗುಡಿಸಲಿಗೆ ಸಗ್ಡನ್ ಬಂದಿದ್ದರಲ್ಲ, ಲಂಡನ್ನಿಗೆ ಹೋಗುತ್ತಾ ದಾರಿಯಲ್ಲಿ ಇಳಿದೆ ಎಂದು ಹೇಳಿಕೊಂಡು. ದಾರಿಯಲ್ಲಿ ಏನೂ ಇಳಿಯಲಿಲ್ಲ. ಬೇಕೆಂದೇ ಬಂದದ್ದು. ನಾನು ಕಳಿಸಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ನೀವಿಬ್ಬರೂ ಆಡಿದ ಮಾತನ್ನು ಅವರು ಊಟದ ಮೇಜಿನ ಮೇಲೆ ನಾಟಕದ ಹಾಗೆ ಆಡಿ ತೋರಿಸಿದರು.

"ಕೆಜ್ಜಿ ಕಡೆಯವ್ರಾ? ಕೂತ್ಕೊಳ್ಳಿ. ಕುರ್ಚಿ ಇಲ್ಲ, ದಿಮ್ಮಿ ಇದೆ," ಎಂದೆಯಂತೆ.

"ಬೇಕಾದಷ್ಟು ಕಾಲಿವೆಯಲ್ಲ ಇಲ್ಲಿ! ಸೂರು ಮುಟ್ಟಿದೆ. ಕಾರ್ಖಾನೆ ಲಾರಿ ಯಾವಾಗ ಬರತ್ತೆ?"

"ಬರತ್ತೆ."

"ಅದೇ, ಯಾವಾಗ?"

"ಬಂದಾಗ."

"ಹಿಂದಿನ ಸಲ ಬಂದಿದ್ದು?"

"ನೀವು ಬಟ್ಟೆ ಮಾರೋರಾ, ಪೊಲೀಸಿನೋರಾ?"

ನಾನು ನಕ್ಕೆ. ನಕ್ಕ ಮೇಲೆ ಅವರು ಉಳಿದದ್ದನ್ನು ಹೇಳಿದರು. ವಾಪಸು ಬರುವಾಗ 'ಮೂರು ಕೊಡಲಿ'ಯಲ್ಲಿ ವಿಚಾರಿಸಿದರಂತೆ. ಕಾರ್ಖಾನೆಗೆ ಹೊಸ ಯಂತ್ರ ಬಂದಿದೆ, ಹಿಂದಿನ ಸೆಪ್ಟೆಂಬರಿನಿಂದ ನಿನ್ನ ಹತ್ತಿರ ಒಂದು ಕಾಲನ್ನೂ ಕೊಂಡಿಲ್ಲ. ಸೆಪ್ಟೆಂಬರ್! ಅಂದರೆ ನಾನು ಮೊದಲ ಕಾಗದ ಬರೆಯುವ ಮೊದಲೇ. ಕೆಲಸ ಚೆನ್ನಾಗಿದೆ, ಕಾರ್ಖಾನೆಯವರು ಪೀಡಿಸುತ್ತಾರೆ, ಉಸಿರಾಡಲು ಬಿಡುವಿಲ್ಲ ಎಂದು ಬರೆದೆಯಲ್ಲ, ಒಂದಾದರೂ ನಿಜವೇ ಅದರಲ್ಲಿ?

ಆದರೂ ದಿನಾ ಬೆಳಿಗ್ಗೆ ಹೋಗಿ ಕಾಲು ಕಡೆಯುತ್ತೀಯಂತೆ. ಒಳಗೆ ಜಾಗ ಸಾಲದೆ ಹೊರಗೆ ರಾಶಿ ಹಾಕಿದ್ದೀಯಂತೆ. ಯಾರಿಗಾಗಿ, ರೂಬೆನ್? ಯಾವ ಕುರ್ಚಿಗೆ?

ಸಗ್ಡನ್ ಇಷ್ಟು ಹೇಳಿ ನಿಘಂಟು ತೆಗೆದು, ತಾವೇ ಅಂಚಿನಲ್ಲಿ ಬರೆದುಕೊಂಡಿದ್ದ ಮೂರು ಅರ್ಥಗಳ ಕೆಳಗೆ ಏನೋ ಬರೆಯಲು ಹೋದರು. ಬರೆಯಲಾಗದೆ ಮುಚ್ಚಿಟ್ಟರು. "ಅಂಥ ಕೆಲಸಗಾರನ್ನ ನಾನು ನೋಡಿಲ್ಲ ಕಣಮ್ಮ," ಎಂದರು. ಆ ಮನುಷ್ಯನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೀನು ನನ್ನ ಮನೆಗೆ ಬರದಿರುವುದಕ್ಕೆ ಕೆಲಸ ಕಾರಣವಲ್ಲ, ಕೆಲಸ ಇಲ್ಲದಿರುವುದು ಕಾರಣ. ಕೈ ಖಾಲಿ ಮಾಡಿಕೊಂಡು ನನ್ನ ಬಾಗಿಲಿಗೆ ಬರಲು ನಾಚಿಕೆ. ಅವತ್ತೂ ಹೀಗೆಯೇ ಬಾಯಿ ಹೊಲಿದುಕೊಂಡೆ, ಈಗಲೂ ಹೊಲಿದುಕೊಂಡಿದ್ದೀಯ. ನನಗೆ ಐವತ್ತೆಂಟು, ನಿನಗೆ ಅರವತ್ತೊಂದು. ಇನ್ನು ಎಷ್ಟು ವರ್ಷ ಇವೆ ಎಂದುಕೊಂಡಿದ್ದೀಯ? ನಿಜ ಬರೆ. ಕಾರ್ಖಾನೆಯದು ಮಾತ್ರ ಅಲ್ಲ, ಹರಾಜಿನದೂ. ಇಲ್ಲವೆಂದರೆ ಇದು ನನ್ನ ಕೊನೆಯ ಕಾಗದ. ಬೆದರಿಕೆ ಅಲ್ಲ, ನನ್ನ ಕೈಲಾಗುವುದಿಲ್ಲ.

ಕೆಜ್ಜಿ


ಡನ್ನರ್ಸ್ ಕಾಡು,
ಆಗಸ್ಟ್ 26, 1956

ಕೆಜ್ಜಿ,

ಐದು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯದೆ ಕಳಿಸುತ್ತೇನೆ.

ಕಾರ್ಖಾನೆಯ ವಿಷಯ ನಿಜ. ಅಲ್ಲಿನ ಯುವಕನೊಬ್ಬ ಬಂದು, ಕಾಗದ ಕೈಗಿಟ್ಟು, "ಇನ್ನು ಈ ಬಾಡ್ಜರ್ ಸಾಮಾನು ಬೇಡವಂತೆ ತಾತ," ಎಂದ. ಅವನಿಗೆ ಅದು ಬೈಗುಳ ಎಂದೂ ಗೊತ್ತಿರಲಿಲ್ಲ. ಮರುದಿನ ಎದ್ದು ಏನು ಮಾಡಬೇಕೋ ತಿಳಿಯಲಿಲ್ಲ. ಕಾಡಿಗೆ ಹೋದೆ. ಹೋದ ಮೇಲೆ ಒಂದು ಕಾಲು ಕಡೆದೆ. ಹಾಗೆಯೇ ನಡೆಯಿತು. ಅದಾಗಿ ಮೂರು ವಾರಕ್ಕೆ ನಿನ್ನ ಕಾಗದ ಬಂತು, ಅದೇ ಪದ ಹಿಡಿದುಕೊಂಡು. ನಿನಗೆ ನಿಜ ಹೇಳುವ ಧೈರ್ಯವಾಗಲಿಲ್ಲ. ಆ ಪದ ನನ್ನ ಬದುಕಿಗೆ ಸರಿಯಾಗಿಯೇ ಇದೆ ಎನಿಸಿತ್ತು. ನಲವತ್ತೈದು ವರ್ಷ ಕಾಲು ಮಾಡಿದೆ, ಒಂದು ಕುರ್ಚಿಯನ್ನೂ ಮಾಡಲಿಲ್ಲ.

ಈಗ ಹರಾಜು. ಇದನ್ನು ಹೇಳುವುದಿಲ್ಲ ಎಂದು ಜೆಸ್ಸಿಗೆ ಮಾತು ಕೊಟ್ಟಿದ್ದೆ. ಅವನು ಹೋಗಿ ಹದಿನಾರು ವರ್ಷವಾಯಿತು. ಮೇಲೆ ಸಿಕ್ಕಿದರೆ ಅವನಿಗೆ ನಾನೇ ಹೇಳಿಕೊಳ್ಳುತ್ತೇನೆ.

ನಮ್ಮಲ್ಲಿನ ಪದ್ಧತಿ ನಿನಗೆ ಗೊತ್ತು. ಹರಾಜಿನಲ್ಲಿ ಹಿಡಿದ ಪಾಲನ್ನು ಮೇ ತಿಂಗಳೊಳಗೆ ಕಡಿದು ತೆರವು ಮಾಡಬೇಕು. ಮರ ನಿಲ್ಲಿಸಿ ಹೋದವನನ್ನು ಮರುವರ್ಷ ಹರಾಜಿಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಕೈ ಹರಾಜಿನವನ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅದರ ಹಿಂದಿನ ವರ್ಷದ ಹರಾಜಿನಲ್ಲಿ ಜೆಸ್ಸಿ ಕೆರೆಯ ಆಚೆ ತಾನೊಬ್ಬನೇ ಒಂದು ಪಾಲು ಹಿಡಿದಿದ್ದ. ಅವನ ಎದೆ ಆಗಲೇ ಹಾಳಾಗಿತ್ತು. ಕೆಮ್ಮಿದರೆ ಕರವಸ್ತ್ರ ಕೆಂಪಗಾಗುತ್ತಿತ್ತು, ಹಳ್ಳದಲ್ಲಿ ತೊಳೆದು ಮನೆಗೆ ಬರುತ್ತಿದ್ದ. ಹನ್ನೊಂದು ಮರ ಕಡಿಯಲಾಗದೆ ಉಳಿದವು. ನನಗೂ ಹೇಳಲಿಲ್ಲ. ಹೇಳಿದ್ದರೆ ನಾನೇ ಕಡಿದು ಹಾಕುತ್ತಿದ್ದೆ.

ನಾನು ಅವತ್ತು ಹರಾಜು ನಡೆಯುವ 'ಮೂರು ಕೊಡಲಿ'ಗೆ ಹೋದದ್ದು ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿ ಬರಲು, ಪಾಲು ಹಿಡಿಯಲು ಅಲ್ಲ. ಒಂದು ಲೋಟ ಹಿಡಿದು ಹಿಂದೆ ನಿಂತಿದ್ದೆ. ಬೆಟ್ಟದ ಪಾಲಿಗೆ ಜೆಸ್ಸಿ ಕೈ ಎತ್ತಿದ. ಹರಾಜಿನವನು ಅವನ ತಲೆಯ ಮೇಲಿಂದ ಗೋಡೆ ನೋಡಿದ. ಮತ್ತೆ ಎತ್ತಿದ. ಮತ್ತೆ ಗೋಡೆ. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ನೋಡಿಕೊಳ್ಳುತ್ತಿದ್ದರು. ಮೂರನೇ ಸಲ ಎದ್ದು ನಿಂತು ಎತ್ತಿದ ಕೆಜ್ಜಿ. ಮರವಿಲ್ಲದೆ ಒಂದು ವರ್ಷ ಅವನು ಏನು ಮಾಡುತ್ತಿದ್ದ? ಎರಡಾಳಿನ ಗರಗಸದ ಇನ್ನೊಂದು ತುದಿ ಹಿಡಿಯುವವರು ಯಾರು? ನಾನು ಕೈ ಎತ್ತಿದೆ.

ಹೊರಗೆ ಬಂದು ಅವನು ನನ್ನ ಕೋಟು ಹಿಡಿದುಕೊಂಡ. "ಕೆಜ್ಜಿಗೆ ಹೇಳ್ಬೇಡ ಕಣೋ. ನನ್ನೆದೆ ವಿಷಯ ಗೊತ್ತಾದ್ರೆ ಅವ್ಳು ನನ್ನ ನೋಡ್ಕೊಂಡು ಇಲ್ಲೇ ಕೂತ್ಬಿಡ್ತಾಳೆ. ಒಂದೇ ಒಂದು ವರ್ಷ. ಆಮೇಲೆ ನಿನ್ನ ಪಾಡಿಗೆ ಅವಳನ್ನ ಕರ್ಕೊಂಡು ಹೋಗು," ಎಂದ. ಸರಿ ಎಂದೆ. ಒಂದು ವರ್ಷ ತಾನೇ, ನೀನು ಕಾಯುತ್ತೀಯ ಎಂದುಕೊಂಡೆ.

ಅವನನ್ನು ತಪ್ಪು ತಿಳಿಯಬೇಡ. ನೀನು ಹೋದ ಮೇಲೆ ಅವನು ಎಷ್ಟೋ ಸಲ, "ಬರೀತೀನಿ ರೂಬೆನ್, ನಾನೇ ಬರೀತೀನಿ," ಎನ್ನುತ್ತಿದ್ದ. ಅಷ್ಟರಲ್ಲಿ ನಿನ್ನ ಮದುವೆಯ ಸುದ್ದಿ ಬಂತು. ಇನ್ನು ಬರೆದು ಏನು ಎಂದು ನಾನೇ ತಡೆದೆ.

ನಿನ್ನ ಮೇಲೆ ನನಗೆ ಪ್ರೀತಿಯಿತ್ತು. ಈಗಲೂ ಇದೆ. ಇದನ್ನು ಬರೆಯಲು ಒಂದು ಕಾಲು ಕಡೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ರೂಬೆನ್


ಸ್ಕಾರ್ಬರೋ,
ಸೆಪ್ಟೆಂಬರ್ 16, 1956

ರೂಬೆನ್,

ನಿನ್ನ ಕಾಗದ ಓದಿ ಮೂರು ದಿನ ನಾನು ಒಲೆ ಹಚ್ಚಲಿಲ್ಲ. ಸಗ್ಡನ್ ತಾವೇ ಮೊಟ್ಟೆ ಬೇಯಿಸಿಕೊಂಡು ತಿಂದರು.

ಮೊದಲು ಜೆಸ್ಸಿಗಾಗಿ ಅತ್ತೆ. ಆ ಕರವಸ್ತ್ರಗಳನ್ನು ಒಗೆಯುತ್ತಿದ್ದವಳು ನಾನು. ಒದ್ದೆಯಾಗಿ ಬರುತ್ತಿದ್ದವು, ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಅವನು ಸತ್ತದ್ದು ಯುದ್ಧದ ಮೊದಲ ಚಳಿಗಾಲದಲ್ಲಿ, ಹಿಮ ಬಿದ್ದು ರೈಲು ನಿಂತಿದ್ದಾಗ. ಮಣ್ಣಿಗೂ ಬರಲಾಗಲಿಲ್ಲ. ನೀನು ಅವನ ಪೆಟ್ಟಿಗೆಗೆ ಹೆಗಲು ಕೊಟ್ಟೆ ಎಂದು ಪಾದ್ರಿ ಬರೆದಿದ್ದರು. ಅದಕ್ಕೂ ನಾನು ನಿನಗೊಂದು ಗೆರೆ ಬರೆಯಲಿಲ್ಲ. ಆ ಹಟವನ್ನು ಎಲ್ಲಿಟ್ಟುಕೊಳ್ಳಲಿ ಈಗ?

ಆಮೇಲೆ ಸಿಟ್ಟು ಬಂತು. ನಿನ್ನ ಮೇಲೆಯೇ. ನೀನು ಕೈ ಎತ್ತಿದ್ದಕ್ಕಲ್ಲ. ನಾನಲ್ಲಿದ್ದಿದ್ದರೆ ನಿನ್ನ ಕೈ ಹಿಡಿದು ನಾನೇ ಮೇಲೆತ್ತುತ್ತಿದ್ದೆ. ಅವನಿಗೆ ಕೊಟ್ಟ ಮಾತು ಉಳಿಸಿಕೊಂಡೆ, ನನಗೆ ಕೊಟ್ಟ ಮಾತು ಮುರಿದೆ. ಇಬ್ಬರು ಗಂಡಸರು ಸೇರಿ ನನ್ನ ಒಳ್ಳೆಯದು ಯಾವುದೆಂದು ಪಬ್ಬಿನ ಅಂಗಳದಲ್ಲಿ ತೀರ್ಮಾನ ಮಾಡಿಬಿಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಮದುವೆಯಾಗಿ ಮೂವರೂ ಒಂದೇ ಸೂರಿನಡಿ ಇರುತ್ತಿದ್ದೆವು. ನಲ್ಲಿ ಇಲ್ಲದಿದ್ದರೆ ಬಾವಿಯಿಂದ ಹೊರುತ್ತಿದ್ದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಾನು ಹೊರಟ ಬೆಳಿಗ್ಗೆ ಹಾಲಿನ ಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಕಾಡಿನ ಅಂಚಿನಲ್ಲಿ ನೀನು ಕೊಡಲಿ ಹಿಡಿದು ನಿಂತಿದ್ದೆ. "ಕುದುರೆ ಯಾಕೋ ಕುಂಟ್ತಿದೆ, ಸ್ವಲ್ಪ ನಿಲ್ಸಪ್ಪ," ಎಂದೆ ಗಾಡಿಯವನಿಗೆ. ಕುದುರೆಗೆ ಏನೂ ಆಗಿರಲಿಲ್ಲ. ಅವನು ಇಳಿದು ನಾಲ್ಕೂ ಗೊರಸು ಎತ್ತಿ ನೋಡಿದ. ಅಷ್ಟು ಹೊತ್ತು ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ಟೋಪಿ ತೆಗೆದೆ. ಅಷ್ಟೇ. ಹೊರಡಬೇಡ ಕೆಜ್ಜಿ ಎಂದು ಒಂದು ಮಾತು ಅಂದಿದ್ದರೆ ಪೆಟ್ಟಿಗೆಯನ್ನು ಅಲ್ಲೇ ರಸ್ತೆಗೆ ಎಸೆದು ಇಳಿಯುತ್ತಿದ್ದೆ. ಕಾರಣ ಕೇಳುತ್ತಿರಲಿಲ್ಲ.

ಅರ್ಧ ಕೆಲಸದ ಬದುಕು ಎಂದು ಬರೆದಿದ್ದೀಯ. ನೀನು ಕಡೆದ ಕಾಲಿನ ಮೇಲೆ ಎಷ್ಟು ಸಾವಿರ ಜನ ಕೂತು ಉಂಡಿದ್ದಾರೋ, ಅವರ ಲೆಕ್ಕ ನೀನಿಟ್ಟಿಲ್ಲ. ಇಲ್ಲಿ ನನ್ನ ಊಟದ ಕುರ್ಚಿಗಳನ್ನು ತಲೆಕೆಳಗು ಮಾಡಿ ನೋಡಿದೆ, ವೈಕಂಬಿನವು. ನಿನ್ನವೋ ಜೆಸ್ಸಿಯವೋ ಯಾರಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಒಂದೂ ಅಲ್ಲಾಡಿಲ್ಲ. ಆ ಪದಕ್ಕೆ ಏನು ಅರ್ಥವಿದೆಯೋ ಸಗ್ಡನ್ ಹುಡುಕಿಕೊಳ್ಳಲಿ, ನನಗೆ ಬೇಡ. ನನಗೆ ನೀನು ಬೇಕು.

ಮುಂದಿನ ಗುರುವಾರ, ಇಪ್ಪತ್ತನೇ ತಾರೀಕು, ಮನೆಯನ್ನು ಸಗ್ಡನ್ ಕೈಗೆ ಬಿಟ್ಟು ರೈಲು ಹತ್ತುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಲಂಡನ್, ಮೂರು ಇಪ್ಪತ್ತಕ್ಕೆ ವೈಕಂಬು. ಬಂದು ನಿಂತಿರು. ನಾನು ಬಾಯಿ ತೆರೆಯುವುದಿಲ್ಲ. ಮೊದಲ ಮಾತು ನೀನೇ ಆಡಬೇಕು. ಮತ್ತೆ ಟೋಪಿ ತೆಗೆದು ಸುಮ್ಮನೆ ನಿಂತರೆ ಅದೇ ರೈಲಿಗೆ ವಾಪಸು ಹೊರಡುತ್ತೇನೆ.

ಕೆಜ್ಜಿ


ತಂತಿ
ಸ್ಟೋಕನ್‌ಚರ್ಚ್ ಅಂಚೆ ಕಚೇರಿ
ಸೆಪ್ಟೆಂಬರ್ 19, 1956, ಬೆಳಿಗ್ಗೆ 9.10

ಹೊರಡಬೇಡ ಕೆಜ್ಜಿ. ನಾನೇ ಬರುತ್ತಿದ್ದೇನೆ.
ರೂಬೆನ್